ತುಂಬೆಯ ಗುರುತು

ಈರುಳ್ಳಿ ಚೀಲದಲ್ಲಿ ಒಂದೇ ಒಂದು ಗೆಡ್ಡೆ ಕೊಳೆತರೂ ಸಾಕು, ಮನೆಯೆಲ್ಲ ನಾರುತ್ತದೆ. ಮೊನ್ನೆ ತರೀಕೆರೆಯ ನಮ್ಮ ಮನೆಯಲ್ಲಿ ಹಾಗೇ ಆಯಿತು. ಯಜಮಾನರು ಮೂಗು ಮುಚ್ಚಿಕೊಂಡು ಚೀಲವನ್ನು ಹಿತ್ತಿಲಿಗೆ ಎಳೆದರು, ಸೊಸೆ ಊದುಬತ್ತಿ ಹಚ್ಚಿದಳು. ನಾನು ಚೀಲದ ಹಿಂದೆಯೇ ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರಿಗೆ ಅದು ಕೊಳೆತ ಈರುಳ್ಳಿಯ ವಾಸನೆ. ನನಗೆ ಅದು ಅಜ್ಜಂಪುರದ ರುದ್ರಭೂಮಿಯ ವಾಸನೆ, ಅಪ್ಪ ಹೋದ ವರ್ಷದ ವಾಸನೆ. ಅಳು ಬಂತು. ಈರುಳ್ಳಿ ಇದ್ದ ಕಡೆ ಕಣ್ಣೀರು ಬಂದರೆ ಯಾರೂ ಏನೂ ಕೇಳುವುದಿಲ್ಲ, ಅದೊಂದು ಅನುಕೂಲ.

ಅಪ್ಪ ಅಜ್ಜಂಪುರದ ಪೇಟೆ ಬೀದಿಯಲ್ಲಿ ಟೈಲರ್ ಆಗಿದ್ದರು. ಊರವರ ಬಾಯಲ್ಲಿ ಟೈಲರ್ ಸಿದ್ರಾಮಣ್ಣ. ರವಿಕೆ ಹೊಲಿಯುವುದರಲ್ಲಿ ಅವರಿಗೆ ಸುತ್ತ ಹತ್ತೂರಲ್ಲಿ ಹೆಸರಿತ್ತು, ಆದರೆ ಹೆಂಗಸರ ಮುಖ ನೋಡಿ ಮಾತಾಡುವ ಧೈರ್ಯ ಮಾತ್ರ ಕೊನೆಯವರೆಗೂ ಬರಲಿಲ್ಲ. ಯಾರು ಬಂದರೂ ಕತ್ತು ತಗ್ಗಿಸಿಕೊಂಡೇ ಅಳತೆ ರವಿಕೆ ತಂದಿದ್ದೀರಾ ಎಂದು ಕೇಳುವರು. ತಂದಿಲ್ಲವೆಂದರೆ ಒಳಗಿದ್ದ ಅವ್ವನನ್ನು ಕೂಗುವರು. ಟೇಪು ಹಿಡಿದು ಅಳತೆ ಹೇಳುತ್ತಿದ್ದವಳು ಅವ್ವ, ಗೋಡೆಯ ಕಡೆ ತಿರುಗಿ ನಿಂತು ಬರೆದುಕೊಳ್ಳುತ್ತಿದ್ದವರು ಅಪ್ಪ. ಬಸ್ಸಿನಲ್ಲೂ ಅಷ್ಟೇ. ಲೈನಿಂಗ್ ಬಟ್ಟೆ, ದಾರ ತರಲು ಕಡೂರಿಗೆ ಹೋದರೆ, ಗುರುತಿಲ್ಲದ ಹೆಂಗಸಿನ ಪಕ್ಕ ಸೀಟು ಖಾಲಿಯಿದ್ದರೂ ಕೂರದೆ, ಬೀರೂರು ದಾಟಿ ಅಜ್ಜಂಪುರ ಬರುವವರೆಗೂ ಕಂಬಿ ಹಿಡಿದು ನಿಂತೇ ಬರುತ್ತಿದ್ದರು. ಕಂಡಕ್ಟರ್ ಬೈದರೂ ಜಗ್ಗುತ್ತಿರಲಿಲ್ಲ. ಅವ್ವ ಜೊತೆಗಿದ್ದರೆ ಮಾತ್ರ ಹಾಯಾಗಿ ಕೂತು, ಅವಳ ಹೆಗಲ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅವ್ವ ಇದನ್ನು ನಟನೆ ಮಾಡಿ ತೋರಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದಳು.

ಆ ಅವ್ವ, ಗಿರಿಜಮ್ಮ, ನನ್ನ ಮದುವೆ ನೋಡದೆ ಹೋದಳು. ತಮ್ಮ ಮಹೇಶ ಆಗಿನ್ನೂ ಮಿಡ್ಲ್ ಸ್ಕೂಲು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಆಳೆತ್ತರದ ಗುಂಡಿ ತೆಗೆದು, ಅದರ ಗೋಡೆಯಲ್ಲಿ ಒಂದು ಗೂಡು ಕೊರೆದು, ಅದರೊಳಗೆ ಪೂಜೆಗೆ ಕೂತ ಹಾಗೆ ಕೂರಿಸುತ್ತಾರೆ. ಅಂಗೈಯಲ್ಲಿ ಲಿಂಗ, ಸುತ್ತ ವಿಭೂತಿ ಗಟ್ಟಿಗಳು, ಮೇಲೆ ಬಿಲ್ವಪತ್ರೆ. ಹಾಗಾಗಿ ನಮ್ಮ ಕಡೆ ಮಣ್ಣು ಮಾಡಿದರು ಅನ್ನುವುದಕ್ಕಿಂತ ಕೂರಿಸಿದರು ಅನ್ನುವ ಮಾತೇ ಹೆಚ್ಚು. ಚಿಕ್ಕವಳಿದ್ದಾಗ ಆ ಮಾತು ಕೇಳಿದರೆ ನನಗೆ ಭಯವಾಗುತ್ತಿತ್ತು. ಅವ್ವನನ್ನು ಕೂರಿಸಿದ ಮೇಲೆ ಅದೇ ಮಾತು ಸಮಾಧಾನ ಕೊಡುತ್ತಿತ್ತು. ಅಲ್ಲೆಲ್ಲೋ ಬಿದ್ದುಕೊಂಡಿಲ್ಲ, ಕೂತಿದ್ದಾಳೆ.

ಆದರೆ ಎಲ್ಲಿ ಕೂರಿಸುವುದು ಅನ್ನುವುದು ಜಮೀನಿನ ಮೇಲೆ ಹೋಗುತ್ತದೆ. ಹೊಲ, ತೋಟ ಇದ್ದವರು ತಮ್ಮವರನ್ನು ತಮ್ಮ ಮಣ್ಣಿನಲ್ಲೇ ಕೂರಿಸಿ, ಮೇಲೊಂದು ಕಟ್ಟೆ ಕಟ್ಟಿಸಿ, ಅಮಾವಾಸ್ಯೆಗೆ ದೀಪ ಹಚ್ಚುತ್ತಾರೆ. ಅಂಗೈಯಗಲ ಜಾಗವಿಲ್ಲದ ನಮ್ಮಂಥವರಿಗೆ, ಅಂದರೆ ಟೈಲರುಗಳಿಗೆ, ಹೋಟೆಲಿನವರಿಗೆ, ವರ್ಗವಾಗಿ ಬಂದು ಇಲ್ಲೇ ಕಣ್ಣುಮುಚ್ಚಿದ ಮೇಷ್ಟ್ರುಗಳಿಗೆ, ಇದ್ದದ್ದು ರೈಲು ಹಳಿಯ ಆಚೆಗಿನ ಊರ ರುದ್ರಭೂಮಿ ಒಂದೇ. ಹಿಂದೆ ಯಾರೋ ಅಮಲ್ದಾರರು ಊರಿಗೆಂದು ಬಿಡಿಸಿಕೊಟ್ಟ ಜಾಗವಂತೆ. ಒಂದು ಕಾಲಕ್ಕೆ ಅಲ್ಲಿ ಸೇದೋ ಬಾವಿ ಇತ್ತು, ಹೆಣ ಇಳಿಸಲು ಕಲ್ಲಿನ ಮಂಟಪ ಇತ್ತು, ಸುತ್ತ ಕತ್ತಾಳೆ ಬೇಲಿ ಇತ್ತು ಎಂದು ಅಪ್ಪ ಹೇಳುತ್ತಿದ್ದರು. ನಾನು ಕಂಡದ್ದು ಕುಸಿದ ಮಂಟಪ, ಹಾಳು ಬಾವಿ, ಜಾಲಿ, ಲಂಟಾನ, ಒಡೆದ ಬಾಟಲಿಗಳು. ಊರಿನಲ್ಲಿ ಮಾತು ನಡೆಯುವ ದೊಡ್ಡವರ ಪೈಕಿ ಒಬ್ಬರ ಅಪ್ಪ ಅವ್ವನೂ ಅಲ್ಲಿ ಇರಲಿಲ್ಲ. ಅವರೆಲ್ಲ ಅವರವರ ತೋಟದಲ್ಲಿ ತಂಪಾಗಿದ್ದರು. ಇನ್ನು ಅದನ್ನು ನೋಡುವವರು ಯಾರು? ಸುಗ್ಗಿ ಬಂತೆಂದರೆ ಈರುಳ್ಳಿ ಮಂಡಿಯಲ್ಲಿ ಕೊಳೆತದ್ದನ್ನೆಲ್ಲ ಟ್ರಾಕ್ಟರಿನಲ್ಲಿ ತಂದು ಅಲ್ಲಿ ಸುರಿಯುತ್ತಿದ್ದರು. ಗಾಳಿ ಬೀಸಿದರೆ ರೈಲ್ವೆ ಸ್ಟೇಷನ್ನಿನವರೆಗೂ ನಾತ.

ಅವ್ವನನ್ನು ಕೂರಿಸಿದ ಜಾಗಕ್ಕೆ ಅಪ್ಪ ಮೊದಲು ಒಂದು ಕಲ್ಲು ನಿಲ್ಲಿಸಿದ್ದರು. ಚಪ್ಪಟೆ ಕಲ್ಲು, ಮೇಲೊಂದು ಲಿಂಗದ ಗುರುತು. ಒಂದೆರಡು ವರ್ಷ ಇತ್ತು, ಆಮೇಲೆ ಕಾಣೆಯಾಯಿತು. ಅಲ್ಲಿಯ ಒಳ್ಳೆಯ ಕಲ್ಲುಗಳೆಲ್ಲ ಹಾಗೇ ಒಂದೊಂದಾಗಿ ಹೊರಟುಹೋಗುತ್ತಿದ್ದವು. ಬಟ್ಟೆ ಒಗೆಯಲು, ಮೆಟ್ಟಿಲಿಗೆ, ಚರಂಡಿ ಮುಚ್ಚಲು. ಅಪ್ಪ ಊರೆಲ್ಲ ತಿರುಗಿ ಅದನ್ನು ಪತ್ತೆ ಮಾಡಿದರು, ಆದರೆ ಬರಿಗೈಯಲ್ಲಿ ಬಂದರು. ಯಾರ ಮನೆಯಲ್ಲಿದೆ ಎಂದು ನಾವು ಎಷ್ಟು ಕೇಳಿದರೂ ಹೇಳಲಿಲ್ಲ. ಬಹಳ ವರ್ಷದ ಮೇಲೆ ನನ್ನ ಬಾಣಂತನದಲ್ಲಿ, ಸೋದರತ್ತೆ ಚೆನ್ನಮ್ಮ ನನ್ನ ಮಗನಿಗೆ ನೀರು ಹಾಕುವುದನ್ನು ನೋಡುತ್ತಾ ಅಪ್ಪ ತಾವಾಗಿಯೇ ಬಾಯಿಬಿಟ್ಟರು. "ಆ ಕಲ್ಲ್ ಮೇಲೆ ಕೂತ್ಕಂಡು ಹಿಂಗೇ ಒಂದು ಕೂಸಿಗೆ ಎರೀತಿದ್ರು ಕಣಮ್ಮ. ಹೆಂಗೆ ಕೇಳ್ಲಿ?"

ಕಲ್ಲು ಹೋದ ಮೇಲೆ ಅಪ್ಪ ಯಾರೂ ಕದಿಯದಂಥ ಗುರುತು ಹುಡುಕಿದರು. ಮಠದ ಹಿಂದಿನ ಬಯಲಿನಿಂದ ತುಂಬೆ ಗಿಡದ ಒಣಗಿದ ತೆನೆಗಳನ್ನು ತಂದು, ಉಜ್ಜಿ, ಅವ್ವನ ಮೇಲಿನ ಮಣ್ಣಿಗೆ ಬೀಜ ಉದುರಿಸಿದರು. ತುಂಬೆ ಶಿವನಿಗೆ ಪ್ರೀತಿ, ದನ ಬಾಯಿ ಹಾಕುವುದಿಲ್ಲ, ಕಿತ್ತುಕೊಂಡು ಹೋದರೆ ಯಾರಿಗೂ ನಾಲ್ಕು ಕಾಸು ಹುಟ್ಟುವುದಿಲ್ಲ. ಮಳೆ ಬಿದ್ದೊಡನೆ ಏಳುತ್ತಿತ್ತು, ಶ್ರಾವಣಕ್ಕೆ ಬಿಳಿ ಹೂ ಬಿಡುತ್ತಿತ್ತು, ಬೇಸಿಗೆಗೆ ಒಣಗಿ ಬೀಜ ಅಲ್ಲೇ ಉದುರುತ್ತಿತ್ತು. ಪಕ್ಕದಲ್ಲಿ ಬೇರೆ ಕಳೆ ಬಂದರೆ ಅಪ್ಪ ಕೂತು ಕೀಳುವರು. ಶ್ರಾವಣದಲ್ಲಿ ಆ ಹೂವನ್ನೇ ಒಂದಿಷ್ಟು ಬಿಡಿಸಿ ತಂದು ಅಂಗೈ ಮೇಲಿನ ಲಿಂಗಕ್ಕೆ ಏರಿಸುತ್ತಿದ್ದರು. ಮಸಣದ ಹೂವು ಪೂಜೆಗೆ ಆಗುತ್ತದೇನೋ ಎಂದು ಚೆನ್ನಮ್ಮತ್ತೆ ಗದರಿದರೆ, ಲಿಂಗವಂತರಿಗೆ ಸೂತಕ ಎಲ್ಲಿಂದ ಬರಬೇಕು ಎಂದು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ಆ ಹೂವು ಅವ್ವನೇ ಕೊಟ್ಟು ಕಳಿಸಿದ ಹಾಗೆ ಕಾಣುತ್ತಿತ್ತು.

ನಾನು ಹೇಳಹೊರಟ ವರ್ಷ ಶುರುವಾದದ್ದು ಯುಗಾದಿಗೆ. ಅಂಗಡಿ ಆಗಲೇ ಮಹೇಶನ ಕೈಗೆ ಬಂದು ರೆಡಿಮೇಡ್ ಬಟ್ಟೆ ತುಂಬಿಕೊಂಡಿತ್ತು. ಅಪ್ಪ ಮೂಲೆಯ ಮೆಷಿನ್ ಮುಂದೆ ಸುಮ್ಮನೆ ಕೂರುತ್ತಿದ್ದರು. ಹಬ್ಬದ ದಿನ ಹೋಳಿಗೆ ಮುಂದೆ ಕೂತವರಿಗೆ ಉಸಿರು ಸಿಗದೆ ಹೋಯಿತು. ಶಿವಮೊಗ್ಗದಲ್ಲಿ ತೋರಿಸಿದಾಗ, ಹೃದಯ ದೊಡ್ಡದಾಗಿದೆ, ಜಾಸ್ತಿ ದಿನ ಹೇಳಲಾಗದು ಎಂದರು. ನಾವು ಮುಚ್ಚಿಟ್ಟೆವು, ಆದರೆ ಅಪ್ಪನಿಗೆ ನಮ್ಮ ಮುಖ ನೋಡಿಯೇ ಗೊತ್ತಾಗಿತ್ತು. ವಾಪಸು ಬಂದ ಸಂಜೆ ನನ್ನನ್ನೂ ಮಹೇಶನನ್ನೂ ಕರೆದು, ಔಷಧ ಪಥ್ಯ ನಿಮಗೆ ಬಿಟ್ಟದ್ದು, ನನ್ನದು ಒಂದೇ ಆಸೆ ಎಂದರು. "ನಿಮ್ಮವ್ವನ ಪಕ್ಕದಲ್ಲಿ ಕೂರ್ಸ್ರಪ್ಪ. ಬೇರೆ ಏನೂ ಬ್ಯಾಡ."

ಕಷ್ಟ ಏನೆಂದರೆ ಆ ಹೊತ್ತಿಗೆ ಅವ್ವನ ಹತ್ತಿರ ಹೋಗಲು ದಾರಿಯೇ ಇರಲಿಲ್ಲ. ಜಾಲಿ ಮುಚ್ಚಿಕೊಂಡಿತ್ತು, ದಾರಿಗೆ ಅಡ್ಡಲಾಗಿ ಕೊಳೆತ ಈರುಳ್ಳಿಯ ಗುಡ್ಡೆ ಬಿದ್ದಿತ್ತು. ಅಪ್ಪ ಒಬ್ಬರೇ ಹೇಗೋ ನುಸುಳಿ ಹೋಗಿಬರುತ್ತಿದ್ದರು, ಆದರೆ ಹೆಣ ಹೊತ್ತವರು ನುಸುಳುವುದಕ್ಕಾಗುತ್ತದೆಯೇ? ಅದನ್ನು ಯೋಚಿಸಿಯೇ ಅವರು ಆ ವರ್ಷ ಊರೆಲ್ಲ ತಿರುಗಿ ಕಂಡಕಂಡವರ ಕೈಕಾಲು ಹಿಡಿದರು. ಜೀವಮಾನದಲ್ಲಿ ಯಾರ ಹತ್ತಿರವೂ ಏನೂ ಕೇಳದವರು ಕಚೇರಿಗೆ ಹೋಗಿ ಬೆಂಚಿನ ಮೇಲೆ ಕಾದರು, ಮಂಡಿಗೆ ಹೋದರು, ಹೋಟೆಲಿನಲ್ಲಿ ಕೂತವರ ಹತ್ತಿರ ಹೋಗಿ ರುದ್ರಭೂಮಿ ಕ್ಲೀನು ಮಾಡಿಸಿಕೊಡ್ರಪ್ಪ ಎಂದರು. ಅವರಿಗೆ ಮಸಣದ ಸಿದ್ರಾಮಣ್ಣ ಎಂದು ಅಡ್ಡಹೆಸರು ಬಿತ್ತು. ಅದು ಕಿವಿಗೆ ಬಿದ್ದಾಗ ಮಹೇಶನಿಗೆ ಅವಮಾನವಾಗಿ ಎರಡು ದಿನ ಅಂಗಡಿ ತೆಗೆಯಲಿಲ್ಲ. ಅಪ್ಪ ಮಾತ್ರ, ಹೆಸರಿಟ್ಟರೆ ಇಡಲಿ, ನೆನಪಾದರೂ ಇರುತ್ತದೆ ಎಂದು ಮತ್ತೆ ಹೊರಟರು.

ಕೊನೆಗೆ ಕರಗಿದವನು ಮಂಡಿ ನಾಗಣ್ಣ. ಕೊಳೆತ ಈರುಳ್ಳಿಯಲ್ಲಿ ಅರ್ಧ ಅವನ ಮಂಡಿಯದೇ. ದೊಡ್ಡ ಬಾಯಿ, ಅಷ್ಟೇ ದೊಡ್ಡ ಮನಸ್ಸು. ಭಾದ್ರಪದದಲ್ಲಿ ಅಪ್ಪನಿಗೆ ಕಾಲು ಊದಿ, ನಾನು ತರೀಕೆರೆಗೆ ಕರೆತಂದು ಆಸ್ಪತ್ರೆಗೆ ಸೇರಿಸಿದ್ದೆ. ಆ ಸುದ್ದಿ ಕೇಳಿ ನಾಗಣ್ಣನಿಗೆ ಮನಸ್ಸು ತಡೆಯಲಿಲ್ಲ. ಮುದುಕ ವಾಪಸು ಬರುವುದರೊಳಗೆ ಕೆಲಸ ಆಗಿರಬೇಕು ಎಂದು ಪೇಟೆ ಬೀದಿಯವರನ್ನೆಲ್ಲ ಸೇರಿಸಿದ. ತನ್ನ ಜೆಸಿಬಿ ತಂದ, ಟ್ರಾಕ್ಟರು ತಂದ. ಮಹೇಶನೂ ಅಂಗಡಿ ಮುಚ್ಚಿ ಅವರ ಜೊತೆ ನಿಂತ. ಅಪ್ಪನಿಗೆ ಹೇಳಬೇಡ ಅಕ್ಕ, ಬಂದು ನೋಡಲಿ ಎಂದು ಫೋನಿನಲ್ಲಿ ಹೇಳಿದಾಗ ಅವನ ದನಿಯಲ್ಲಿದ್ದ ಸಡಗರ ಇನ್ನೂ ನನ್ನ ಕಿವಿಯಲ್ಲಿದೆ. ನಾನೂ ಹಿಗ್ಗಿದೆ.

ಅಪ್ಪನನ್ನು ಕರೆದುಕೊಂಡು ಹೋದ ದಿನ ನಾಗಣ್ಣ, ಮಹೇಶ, ಬೀದಿಯವರೆಲ್ಲ ಅಲ್ಲಿ ಕಾಯುತ್ತಿದ್ದರು. ಆಟೋ ಸೀದಾ ಒಳಗೇ ಹೋಯಿತು. ಜಾಲಿ ಇಲ್ಲ, ಗುಡ್ಡೆ ಇಲ್ಲ, ನಾತವೂ ಇಲ್ಲ. ಹಾಳು ಬಾವಿ ಮುಚ್ಚಿತ್ತು. ಈ ಕೊನೆಯಿಂದ ಆ ಕೊನೆಯವರೆಗೆ ನೆಲ ಒಂದೇ ಸಮ, ಕರ್ರಗೆ, ಆಗ ತಾನೇ ಸಾರಿಸಿದ ಅಂಗಳದಂತೆ. ಮೇಲಿನ ಮಣ್ಣನ್ನು ಕಸ ಸಮೇತ ಬಳಿದು, ಸಂತೆ ಮೈದಾನದಲ್ಲಿ ನೀರು ನಿಲ್ಲುತ್ತಿದ್ದ ತಗ್ಗಿಗೆ ಹೊಡೆಸಿದ್ದರು. ಎರಡು ಕೆಲಸ ಒಟ್ಟಿಗೆ ಆಯ್ತು ಎಂದು ನಾಗಣ್ಣ ಹೆಮ್ಮೆಯಿಂದ ಹೇಳಿದ. ನಾನು ಸುತ್ತ ಕಣ್ಣಾಡಿಸಿದೆ. ತುಂಬೆ ಹೂವಿನ ಕಾಲ. ಎಲ್ಲೂ ಒಂದು ಬಿಳಿ ಚುಕ್ಕೆ ಇರಲಿಲ್ಲ. ಮಹೇಶನನ್ನು ನೋಡಿದೆ. ಅವನಿನ್ನೂ ನಗುತ್ತಿದ್ದ. ಅಪ್ಪನ ತುಂಬೆ ಅವನಿಗೆ ಗೊತ್ತಿಲ್ಲದ್ದೇನಲ್ಲ, ಅಷ್ಟು ಕಸದ ನಡುವೆ, ಅಷ್ಟು ಜನರ ಉತ್ಸಾಹದ ನಡುವೆ ಅದು ತಲೆಗೇ ಬಂದಿರಲಿಲ್ಲ. ಕಳೆ ತೆಗೆಯಿರಿ ಎಂದರೆ ಯಾರು ತಾನೇ ಒಂದು ಕಳೆಯನ್ನು ಆರಿಸಿ ಬಿಡುತ್ತಾರೆ?

ಅಪ್ಪ ಆಟೋದ ಕಂಬಿ ಹಿಡಿದು ಕೆಳಗಿಳಿದರು. ಆಮೇಲೆ ನಾಗಣ್ಣನ ಕೈ ಹಿಡಿದು, ಬಲು ಚೆನ್ನಾಗಿ ಮಾಡಿದೀರಪ್ಪ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದರು. ಎಲ್ಲರಿಗೂ ಟೀ ಕೊಡಿಸು ಎಂದು ಮಹೇಶನಿಗೆ ಹೇಳಿದರು. ಆಟೋ ತಿರುಗಿ ಹಳಿ ದಾಟುವಾಗ, ಮನೆಯಲ್ಲಿ ಕತ್ತರಿಯೋ ಟೇಪೋ ಕಾಣದಿದ್ದಾಗ ಕೇಳುವ ಅದೇ ದನಿಯಲ್ಲಿ ನನ್ನನ್ನು ಕೇಳಿದರು.

"ಅವ್ಳನ್ನ ಎಲ್ಲಿಟ್ರಮ್ಮ ಇವ್ರು?"

ಅವ್ವ ಆಳೆತ್ತರ ಕೆಳಗಿದ್ದಾಳೆ ಅಪ್ಪ, ಜೆಸಿಬಿ ಬಳಿದದ್ದು ಮೇಲಿನ ಮಣ್ಣು ಅಷ್ಟೇ ಎಂದೆ. ಅದು ಅವರಿಗೂ ಗೊತ್ತು. ಅವಳು ಅಲ್ಲೇ ಇದ್ದಾಳೆ, ಎಲ್ಲಿ ಅನ್ನುವುದು ಮಾತ್ರ ಇನ್ನು ಯಾರಿಗೂ ಗೊತ್ತಿಲ್ಲ.

ನಾನು ರಜೆ ಹಾಕಿ ಅಜ್ಜಂಪುರದಲ್ಲೇ ಉಳಿದೆ. ದಿನಾ ಬೆಳಿಗ್ಗೆ ಅಪ್ಪ ಆಟೋ ತರಿಸುವರು. ಅಲ್ಲಿ ಇಳಿದು, ಹಳಿ ಎಷ್ಟು ದೂರ ಕಾಣುತ್ತದೆ, ಅಂಚಿನಲ್ಲಿ ಉಳಿದಿದ್ದ ಬೇವಿನ ಮರ ಯಾವ ಕೈಗೆ ಬರುತ್ತದೆ ಎಂದು ನೋಡಿ, ಇಲ್ಲೇ ಎನ್ನುವರು. ಅಲ್ಲಿ ಕೂತು ಸ್ವಲ್ಪ ಹೊತ್ತಿಗೆ, ಅಲ್ಲ ಕಣಮ್ಮ, ಇಲ್ಲಿ ಗಾಳಿ ಬೇರೆ ಥರ ಬೀಸ್ತೈತೆ ಎಂದು ಏಳುವರು. ಅಷ್ಟು ವರ್ಷ ಅವರು ನೋಡುತ್ತಿದ್ದದ್ದು ಮರವನ್ನಲ್ಲ, ಹಳಿಯನ್ನಲ್ಲ. ಜಾಲಿಯೊಳಗೆ ನುಸುಳಿ, ಬಗ್ಗಿ, ಬಿಳಿ ಹೂ ಕಂಡ ಕೂಡಲೇ ಕೂರುತ್ತಿದ್ದರು. ಬಯಲಾದ ಮೇಲೆ ಆ ಜಾಗವೇ ಅವರಿಗೆ ಹೊಸದಾಯಿತು. ಮಹೇಶ ಅಲ್ಲಿಗೆ ಬರುವುದನ್ನೇ ಬಿಟ್ಟ. ಅಂಗಡಿಯಲ್ಲಿ ಷಟರ್ ಅರ್ಧ ಎಳೆದುಕೊಂಡು ಒಳಗೆ ಕೂತಿರುತ್ತಿದ್ದ. ಅಪ್ಪ ಒಂದು ದಿನ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ತಲೆ ಸವರಿದರು. "ಕೇಳ್ದೋನು ನಾನು ಕಣೋ. ನೀನ್ಯಾಕೆ ಕೊರಗ್ತೀಯ?" ಎಂದರು. ಮಹೇಶ ಅಪ್ಪನ ಮಡಿಲಲ್ಲಿ ಮುಖ ಇಟ್ಟು ಗಟ್ಟಿಯಾಗಿ ಅತ್ತ.

ಕಾರ್ತಿಕದಲ್ಲಿ ಅಪ್ಪ ಹೋದರು. ಊರಲ್ಲಿ ಈರುಳ್ಳಿ ಸುಗ್ಗಿ, ಬೀದಿಯಲ್ಲೆಲ್ಲ ಚೀಲ ಹೊತ್ತ ಲಾರಿಗಳು. ಅವುಗಳ ನಡುವೆ ಅಪ್ಪನ ವಿಮಾನ, ಅಂದರೆ ಸತ್ತವರನ್ನು ಕೂರಿಸಿ ಹೊರುವ ಚಟ್ಟ, ಹೊರಟಿತು. ಹೂವಿನ ವಿಮಾನದಲ್ಲಿ ಕೂತು ಹೋಗುವಾಗ ಅವರು, ಯಾರೋ ಒತ್ತಾಯ ಮಾಡಿ ವೇದಿಕೆ ಹತ್ತಿಸಿದವರ ಹಾಗೆ, ಸಂಕೋಚದಲ್ಲಿ ಇದ್ದಂತೆ ಕಾಣುತ್ತಿದ್ದರು. ಅವರು ಕೊನೆಯ ದಿನಗಳಲ್ಲಿ ಹೆಚ್ಚು ಹೊತ್ತು ಕೂತಿದ್ದ ಕಡೆ ಗುಂಡಿ ತೆಗೆಯಲು ಮಹೇಶ ಹೇಳಿದ್ದ. ನಾವು ತಲುಪಿದಾಗ ಕೆಲಸ ನಿಂತುಹೋಗಿತ್ತು. ಗೂಡು ಕೊರೆಯುವಾಗ ಪಕ್ಕದ ಮಣ್ಣು ಕುಸಿದು, ಕರಿ ಮಣ್ಣಿನ ನಡುವೆ ಬೆಳ್ಳಗೆ ಕಂಡಿತ್ತು. ಕೈಯಲ್ಲಿ ತೆಗೆದು ಉಜ್ಜಿದರೆ ವಿಭೂತಿ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಬಗ್ಗಿ ನೋಡಿದರು. "ಇಲ್ಲಿ ಆಗ್ಲೇ ಯಾರೋ ಕೂತವ್ರೆ ಮಹೇಶಪ್ಪ. ಮುಚ್ಸಿ, ಬೇರೆ ಕಡೆ ತೆಗ್ಸು" ಎಂದರು.

ಜನರಲ್ಲಿ ಗುಸುಗುಸು ಎದ್ದಿತು. ಹೋಟೆಲಿನವರ ತಾಯಿ ಇರಬಹುದು ಎಂದರು ಒಬ್ಬರು, ಹಳೆಯ ಮೇಷ್ಟ್ರು ಇರಬೇಕು ಎಂದರು ಇನ್ನೊಬ್ಬರು. ಬೇರೆ ಕಡೆ ತೆಗೆದರೂ ಅಲ್ಲಿ ಇನ್ನಾರು ಸಿಗುತ್ತಾರೋ. ನಾಗಣ್ಣ ತಲೆಯ ಮೇಲೆ ಟವೆಲು ಹಾಕಿಕೊಂಡು ಕೂತುಬಿಟ್ಟಿದ್ದ. ಮಹೇಶ ಗುಂಡಿಯ ಅಂಚಿನಲ್ಲಿ ನಿಂತು ನನ್ನನ್ನೂ ಆ ಬಿಳಿಯನ್ನೂ ನೋಡುತ್ತಿದ್ದ. ಅದು ಅವ್ವನೇ ಇರಬಹುದೇ ಎಂದು ಅವನ ಕಣ್ಣು ಕೇಳುತ್ತಿತ್ತು. ಆಗ ಚೆನ್ನಮ್ಮತ್ತೆ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ಗುಂಡಿಯೊಳಗೆ ನೋಡಿದಳು. ಬೇವಿನ ಮರ ನೋಡಿದಳು, ಹಳಿ ನೋಡಿದಳು.

"ನಮ್ ಗಿರಿಜನೇ ಕಣ್ರಪ್ಪ" ಎಂದಳು. "ನಂಗೆ ಜಾಗ ನೆನಪೈತೆ. ಕೂರ್ಸಿ."

ಆ ಬಿಳಿಯ ಪಕ್ಕಕ್ಕೇ ಗೂಡು ಕೊರೆದು ಅಪ್ಪನನ್ನು ಕೂರಿಸಿದರು. ಅಂಗೈಯಲ್ಲಿ ಲಿಂಗ ಇಟ್ಟರು, ಪತ್ರೆ ಹಾಕಿದರು. ಮಹೇಶ ಮೂರು ಹಿಡಿ ಮಣ್ಣು ಹಾಕಿ ಎದ್ದಾಗ ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನೆಮ್ಮದಿ ಕಂಡಿತು. ಮನೆಗೆ ಬಂದು ಊಟ ಮಾಡಿದ. ನಾನೂ ಅತ್ತೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ತರೀಕೆರೆಗೆ ಬಂದೆ.

ಮಾರನೇ ಶ್ರಾವಣದಲ್ಲಿ ಅತ್ತೆಯನ್ನು ನೋಡಲು ಹೋಗಿದ್ದೆ. ಅವತ್ತು ಸಂತೆ. ಇಬ್ಬರೂ ರುದ್ರಭೂಮಿಗೆ ಹೋಗಿ ಅಪ್ಪನ ಮಣ್ಣಿಗೆ ನೀರು ಹಾಕಿದೆವು. ಆಗಲೇ ಜಾಲಿ ಮತ್ತೆ ಮೊಳೆಯುತ್ತಿತ್ತು, ಯಾರೋ ಒಂದು ಲೋಡು ಕಸವನ್ನೂ ತಂದು ಹಾಕಿದ್ದರು. ಅಲ್ಲಿಂದ ಸಂತೆಗೆ ಬಂದರೆ, ಮೈದಾನದ ಆ ತುಂಬಿಸಿದ ತಗ್ಗಿನಲ್ಲಿ, ಸೊಪ್ಪು ಮಾರುವವರ ಗೋಣಿತಾಟುಗಳ ನಡುವೆ, ಜನರ ಕಾಲಡಿಯಲ್ಲಿ ತುಂಬೆ ಎದ್ದಿತ್ತು. ತುಂಬೆ ಎಲ್ಲಿ ಬೇಕಾದರೂ ಏಳುತ್ತದೆ, ಅದು ನನಗೂ ಗೊತ್ತು. ಆದರೂ ಕಾಲಿಡಲಾಗದೆ ನಿಂತೆ. ಅತ್ತೆಯೂ ನಿಂತಳು. ಆಗ ಕೇಳಿಬಿಟ್ಟೆ, ಅವತ್ತು ಅಷ್ಟು ಖಂಡಿತವಾಗಿ ಹೇಳಿದೆಯಲ್ಲ ಅತ್ತೆ, ನಿನಗೆ ಜಾಗ ನಿಜವಾಗಿ ನೆನಪಿತ್ತೇ ಎಂದು.

ಅತ್ತೆ ಬಗ್ಗಿ, ಯಾರೋ ತುಳಿದಿದ್ದ ಒಂದು ಗಿಡವನ್ನು ನೆಟ್ಟಗೆ ಮಾಡಲು ನೋಡಿದಳು. ಅದು ಮತ್ತೆ ಮಲಗಿತು. "ನಿಮ್ಮಪ್ಪ ಬಿಸ್ಲಲ್ಲಿ ಕಾಯ್ತಾ ಇದ್ದ ಕಣೇ" ಎಂದಳು. "ಎಷ್ಟೊತ್ತು ಅಂತ ಕಾಯ್ಸೋದು?"

ಮಹೇಶನಿಗೆ ಇವತ್ತಿನವರೆಗೂ ಇದನ್ನು ಹೇಳಿಲ್ಲ. ಅತ್ತೆ ಕಟ್ಟಿಕೊಟ್ಟ ಈರುಳ್ಳಿ ಹಿಡಿದುಕೊಂಡು ಸಂಜೆ ತರೀಕೆರೆ ಬಸ್ಸು ಹತ್ತಿದೆ. ಸಂತೆ ಮುಗಿಸಿದವರಿಂದ ಬಸ್ಸು ತುಂಬಿತ್ತು. ಗಂಡಸರು ಹೆಂಗಸರು ಒತ್ತಿಕೊಂಡು ಕೂತಿದ್ದರು, ಯಾರಿಗೂ ಯಾರ ಗುರುತೂ ಇರಲಿಲ್ಲ. ನನಗೆ ಅಪ್ಪನದೇ ಯೋಚನೆ. ಪಕ್ಕದಲ್ಲಿ ಯಾರಿದ್ದಾರೋ. ಅವ್ವನೇ ಆಗಿದ್ದರೆ ಇಷ್ಟು ಹೊತ್ತಿಗೆ ಅವಳ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿರುತ್ತಾರೆ. ಅವ್ವನಲ್ಲದೆ ಬೇರೆ ಯಾರೋ ಹೆಂಗಸಾಗಿದ್ದರೆ, ಕತ್ತು ತಗ್ಗಿಸಿಕೊಂಡು, ಮೈಯೆಲ್ಲ ಮುದುಡಿಕೊಂಡು ಕೂತಿರುತ್ತಾರೆ. ಎದ್ದು ನಿಲ್ಲೋಣವೆಂದರೆ ಈಗ ಅವರಿಗೆ ಆಗುವುದಿಲ್ಲ.